ಶಾಲೆಗೆ ಪ್ರೊಜೆಕ್ಟರ್ ಬೇಕೆ, ಟಿವಿ ಬೇಕೆ, ಕಂಪ್ಯೂಟರ್ ಕೊಠಡಿಯೇ ಬೇಕೆ? ಮಂಡ್ಯ–ಮೈಸೂರು ಭಾಗದ ಶಾಲೆಗಳಿಗೊಂದು ಹೋಲಿಕೆಯ ಮಾರ್ಗದರ್ಶಿ

ಶಾಲೆ ಆರಂಭವಾಗಿ ಎರಡು ವಾರ ಕಳೆಯುವಷ್ಟರಲ್ಲಿ ನಮ್ಮ ಕಡೆಯ ಅನೇಕ ಸರ್ಕಾರಿ ಶಾಲೆಗಳ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಂದು ಮಾತು ಬರುತ್ತದೆ. ಬೆಂಗಳೂರಿನಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳೋ, ಊರಿನ ದಾನಿಗಳೋ, ಯಾವುದಾದರೊಂದು ಕಂಪನಿಯವರೋ ಮುಂದೆ ಬಂದು, "ಮಕ್ಕಳಿಗೆ ಕಂಪ್ಯೂಟರಿನ ಅನುಕೂಲ ಮಾಡಿಕೊಡುತ್ತೇವೆ, ಏನು ಬೇಕು ಹೇಳಿ ಮೇಷ್ಟ್ರೇ" ಎಂದು ಕೇಳುತ್ತಾರೆ. ಉತ್ತರ ಹೇಳಲು ಮುಖ್ಯ ಶಿಕ್ಷಕರಿಗೆ ಸಿಗುವುದು ಒಂದೆರಡು ದಿನ. ಆ ಒಂದೆರಡು ದಿನದಲ್ಲಿ ಪಕ್ಕದ ಶಾಲೆಯವರು ಏನು ಹಾಕಿಸಿದ್ದಾರೆಂದು ವಿಚಾರಿಸಿ, ಅದನ್ನೇ ಬರೆದುಕೊಡುವುದು ರೂಢಿಯಾಗಿದೆ. ಮಂಡ್ಯ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಗಣಿತ ಮತ್ತು ವಿಜ್ಞಾನವನ್ನು ಬಹುಕಾಲ ಕಲಿಸಿದ ನಾನು, ಹಾಗೆ ಬರೆದುಕೊಟ್ಟು ತಂದ ಸಾಮಾನುಗಳ ನಡುವೆ ಪಾಠ ಮಾಡಿದ್ದೇನೆ. ಅವುಗಳಲ್ಲಿ ಯಾವುದು ಮಕ್ಕಳ ಕಲಿಕೆಗೆ ಒದಗಿತು, ಯಾವುದು ಬೀಗದ ಹಿಂದೆ ಉಳಿಯಿತು ಎಂಬುದನ್ನು ಕಂಡ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ತರಗತಿಯಲ್ಲಿ ಸುಮಾರು 40 ಮಕ್ಕಳಿರುವ ಸಾಮಾನ್ಯ ಗ್ರಾಮೀಣ ಪ್ರೌಢಶಾಲೆಯೊಂದು ಮೊದಲು ಕೊಳ್ಳಬೇಕಾದದ್ದು ಶಿಕ್ಷಕರ ಕೈಗೊಂದು ಲ್ಯಾಪ್‌ಟಾಪ್, ಒಂದು ಕೊಠಡಿಗೊಂದು ದೊಡ್ಡ ಪರದೆ ಮತ್ತು ಅವೆರಡಕ್ಕೂ ಸಾಲುವ ಇನ್ವರ್ಟರ್. ಇವು ಒಂದು ವರ್ಷ ನಿಜವಾಗಿ ಬಳಕೆಯಾದ ಮೇಲೆ, ಇಬ್ಬರಿಗೊಂದು ಯಂತ್ರ ಸಿಗುವ ಚಿಕ್ಕ ಕಂಪ್ಯೂಟರ್ ಕೊಠಡಿ. ಟ್ಯಾಬ್ಲೆಟ್ ಎಲ್ಲಕ್ಕಿಂತ ಕೊನೆಗೆ. ಈ ಕ್ರಮಕ್ಕೆ ಕಾರಣಗಳಿವೆ. ಕೆಲವು ಶಾಲೆಗಳ ಮಟ್ಟಿಗೆ ಕ್ರಮ ಬದಲಾಗಲೂ ಬೇಕಾಗುತ್ತದೆ.

ಸಾಧನಕ್ಕಿಂತ ಮುಂಚಿನ ಪ್ರಶ್ನೆ

ಕಂಪ್ಯೂಟರನ್ನು ಶಿಕ್ಷಕರ ಪಾಠದ ಜೊತೆಗೆ ಇಡುತ್ತೀರೋ, ಪಾಠದ ಬದಲಿಗೆ ಇಡುತ್ತೀರೋ ಎಂಬುದು ಯಾವ ಯಂತ್ರ ಎಂಬ ಪ್ರಶ್ನೆಗಿಂತ ದೊಡ್ಡದು. ಇದಕ್ಕೆ ನಮ್ಮ ದೇಶದಲ್ಲೇ ನಡೆದ ಒಳ್ಳೆಯ ಅಧ್ಯಯನಗಳಿವೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ವಡೋದರದ ಪುರಸಭಾ ಶಾಲೆಗಳ 4ನೇ ತರಗತಿಯ ಮಕ್ಕಳನ್ನು ಕುರಿತದ್ದು. ಅಲ್ಲಿ ಒಂದು ಕಂಪ್ಯೂಟರಿಗೆ ಇಬ್ಬರು ಮಕ್ಕಳಂತೆ ಕುಳಿತು, ವಾರಕ್ಕೆ 2 ಗಂಟೆ, ತಮ್ಮ ಮಟ್ಟಕ್ಕೆ ಹೊಂದುವ ಗಣಿತದ ಆಟಗಳನ್ನು ಆಡಿದರು. ಗಣಿತದಲ್ಲಿ ಅವರ ಅಂಕಗಳು ಎದ್ದು ಕಾಣುವಷ್ಟು ಏರಿದವು. ಕಾರ್ಯಕ್ರಮ ನಿಂತು ಒಂದು ವರ್ಷವಾದಾಗ ಆ ಮುನ್ನಡೆಯ ಬಹುಪಾಲು ಕರಗಿತ್ತು ಎಂಬುದನ್ನೂ ಅದೇ ಅಧ್ಯಯನ ದಾಖಲಿಸಿದೆ. ಗುಜರಾತಿನ ಜ್ಞಾನಶಾಲಾ ಸಂಸ್ಥೆಯ ಶಾಲೆಗಳಲ್ಲಿ ಲೀ ಲಿಂಡನ್ ಅವರು ನಡೆಸಿ 2008ರಲ್ಲಿ ಹೊರತಂದ ಅಧ್ಯಯನ ಇನ್ನೂ ಮುಖ್ಯವಾದದ್ದು. ಶಾಲೆಯ ಅವಧಿಯಲ್ಲಿಯೇ ಶಿಕ್ಷಕರ ಪಾಠವನ್ನು ಸರಿಸಿ ಆ ಜಾಗದಲ್ಲಿ ಕಂಪ್ಯೂಟರನ್ನು ಇಟ್ಟಾಗ ಮಕ್ಕಳು ಮೊದಲಿಗಿಂತ ಕಡಿಮೆ ಕಲಿತರು; ಅದೇ ತಂತ್ರಾಂಶವನ್ನು ಶಾಲೆಯ ಅವಧಿಯ ಹೊರಗೆ, ಪಾಠಕ್ಕೆ ಪೂರಕವಾಗಿ ಕೊಟ್ಟಾಗ ಹೆಚ್ಚು ಕಲಿತರು.

ದೆಹಲಿಯಲ್ಲಿ ಮೈಂಡ್‌ಸ್ಪಾರ್ಕ್ ಎಂಬ ತಂತ್ರಾಂಶವನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 619 ಮಕ್ಕಳಿದ್ದರು. ಶಾಲೆ ಬಿಟ್ಟ ಮೇಲೆ ನಡೆಯುವ ಕೇಂದ್ರಗಳಲ್ಲಿ ದಿನಕ್ಕೆ 90 ನಿಮಿಷ ಕಲಿಕೆ. ಅದರಲ್ಲಿ ಅರ್ಧ ಕಂಪ್ಯೂಟರಿನ ಮುಂದೆ, ಇನ್ನರ್ಧ ಚಿಕ್ಕ ಗುಂಪಿನಲ್ಲಿ ಬೋಧಕರ ಜೊತೆ. ಸುಮಾರು ನಾಲ್ಕೂವರೆ ತಿಂಗಳಲ್ಲಿ ಗಣಿತ ಮತ್ತು ಹಿಂದಿ ಎರಡರಲ್ಲೂ ಒಳ್ಳೆಯ ಪ್ರಗತಿ ಕಂಡಿತು. ಇದಕ್ಕೆ ಎದುರಾಗಿ ಪೆರು ದೇಶವನ್ನು ನೋಡಬೇಕು. ಅಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಹಂಚಿದ ಯೋಜನೆಯನ್ನು 319 ಗ್ರಾಮೀಣ ಶಾಲೆಗಳಲ್ಲಿ ಪರಿಶೀಲಿಸಿದಾಗ, 2012ರ ವರದಿಯ ಪ್ರಕಾರ, ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಅಂಕಗಳು ಏರಲಿಲ್ಲ. ಯಂತ್ರಗಳ ಸಂಖ್ಯೆ ಏರಿತ್ತು, ಪಾಠದ ಕ್ರಮ ಹಾಗೆಯೇ ಇತ್ತು.

ಈ ನಾಲ್ಕನ್ನೂ ಒಟ್ಟಿಗೆ ಇಟ್ಟು ಓದಿದಾಗ ನಮ್ಮ ಶಾಲೆಗೆ ಅನ್ವಯಿಸುವ ಅಳತೆಗೋಲು ದೊರೆಯುತ್ತದೆ. ಕೊಳ್ಳಲು ಹೊರಟ ಸಾಧನದಿಂದ ಪ್ರತಿ ಮಗುವಿನ ಕೈಗೆ ಅಥವಾ ತಲೆಗೆ ವಾರಕ್ಕೆ ಎಷ್ಟು ನಿಮಿಷದ ಕೆಲಸ ಸಿಗುತ್ತದೆ, ಆ ನಿಮಿಷಗಳಲ್ಲಿ ಶಿಕ್ಷಕರು ಎಲ್ಲಿರುತ್ತಾರೆ ಎಂಬ ಎರಡು ಪ್ರಶ್ನೆಗಳನ್ನು ಪ್ರತಿಯೊಂದು ಆಯ್ಕೆಗೂ ಕೇಳಬೇಕು. ಕೆಳಗಿನ ಹೋಲಿಕೆಯೆಲ್ಲ ಈ ಎರಡರ ಮೇಲೆಯೇ ನಿಂತಿದೆ.

ಒಂದೇ ಪರದೆ: ಪ್ರೊಜೆಕ್ಟರ್, ಟಿವಿ, ಸ್ಮಾರ್ಟ್ ಬೋರ್ಡ್

ಇಡೀ ತರಗತಿಗೆ ಒಂದು ಪರದೆ ಎಂಬ ವ್ಯವಸ್ಥೆಯಲ್ಲಿ ಮಗುವಿನ ಕೈಗೆ ಯಂತ್ರ ಸಿಗುವುದಿಲ್ಲ. ಆದರೂ ನಾನಿದನ್ನು ಮೊದಲಿಗೆ ಇಡುತ್ತೇನೆ, ಏಕೆಂದರೆ ಇಲ್ಲಿ ಶಿಕ್ಷಕರು ಪಾಠದ ನಡುವೆಯೇ ಇರುತ್ತಾರೆ ಮತ್ತು ಒಂದೇ ಯಂತ್ರ 40 ಮಕ್ಕಳ ಯೋಚನೆಯನ್ನು ಕೆಲಸಕ್ಕೆ ಹಚ್ಚಬಲ್ಲದು. ಪ್ರಶ್ನೆ ಇರುವುದು ಯಾವ ಪರದೆ ಎಂಬಲ್ಲಿ.

ಓದಲು ಬರುವಂತಿರಬೇಕಾದರೆ, ಕೊನೆಯ ಬೆಂಚಿನ ದೂರವು ಚಿತ್ರದ ಎತ್ತರದ 6 ಪಟ್ಟಿಗಿಂತ ಹೆಚ್ಚಿರಬಾರದು ಎಂಬುದು ಬಹುಕಾಲದಿಂದ ಬಳಕೆಯಲ್ಲಿರುವ ಅಂದಾಜು. 43 ಇಂಚಿನ ಟಿವಿಯ ಪರದೆ ಸುಮಾರು 53 ಸೆಂಟಿಮೀಟರ್ ಎತ್ತರವಿರುತ್ತದೆ. ಅಂದರೆ ಹತ್ತೂವರೆ ಅಡಿಯಾಚೆ ಕುಳಿತ ಮಗುವಿಗೆ ಅಕ್ಷರ ಸ್ಪಷ್ಟವಾಗುವುದಿಲ್ಲ. 55 ಇಂಚಿಗೆ ಈ ಮಿತಿ ಹದಿಮೂರೂವರೆ ಅಡಿ, 65 ಇಂಚಿಗೆ 16 ಅಡಿ, 75 ಇಂಚಿಗೆ ಸುಮಾರು 18 ಅಡಿ. ಪ್ರೊಜೆಕ್ಟರಿನಿಂದ 100 ಇಂಚಿನ ಚಿತ್ರ ಬಿಟ್ಟರೆ 24 ಅಡಿಯವರೆಗೂ ಓದಬಹುದು. 20 ಅಡಿ ಉದ್ದದ ಕೊಠಡಿಯಲ್ಲಿ 43 ಇಂಚಿನ ಟಿವಿಯನ್ನು ಗೋಡೆಗೆ ಹೊಡೆದು, ಅದನ್ನು ಸ್ಮಾರ್ಟ್ ತರಗತಿ ಎಂದು ಉದ್ಘಾಟಿಸಿದರೆ ಹಿಂದಿನ ಅರ್ಧ ತರಗತಿಗೆ ಅದು ಬೆಳಗುವ ಪೆಟ್ಟಿಗೆ ಅಷ್ಟೇ.

ಕನ್ನಡಕ್ಕೆ ಈ ಲೆಕ್ಕ ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. ನಮ್ಮ ಒತ್ತಕ್ಷರಗಳು ಮೂಲಾಕ್ಷರದ ಅರ್ಧದಷ್ಟು ಗಾತ್ರದಲ್ಲಿ ಸಾಲಿನ ಕೆಳಗೆ ಕೂರುತ್ತವೆ. ಇಂಗ್ಲಿಷ್ ಪದ ಸಲೀಸಾಗಿ ಓದಲು ಬರುವ ಗಾತ್ರದಲ್ಲಿ 'ದ್ಯುತಿಸಂಶ್ಲೇಷಣೆ' ಎಂಬ ಪದ ಹಿಂದಿನ ಬೆಂಚಿಗೆ ಮಸುಕು ಗೆರೆಯಾಗಿ ಕಾಣಬಹುದು. ಆದುದರಿಂದ ಅಂಗಡಿಯವರು ಪ್ರದರ್ಶನಕ್ಕೆ ಬಂದಾಗ ಅವರು ತೋರಿಸುವ ಬಣ್ಣದ ವಿಡಿಯೋವನ್ನು ನೋಡಿ ಒಪ್ಪಬೇಡಿ. ವಿಜ್ಞಾನದ ಪಠ್ಯಪುಸ್ತಕದ ಒಂದು ಪುಟವನ್ನು ಪರದೆಯ ಮೇಲೆ ಹಾಕಿಸಿ, 8ನೇ ತರಗತಿಯ ನಾಲ್ಕು ಮಕ್ಕಳನ್ನು ಕೊನೆಯ ಬೆಂಚಿನಲ್ಲಿ ಕೂರಿಸಿ, ಕಿಟಕಿ ತೆರೆದಿಟ್ಟು, ಗಟ್ಟಿಯಾಗಿ ಓದಿಸಿ. ಅವರು ಒತ್ತಕ್ಷರದಲ್ಲಿ ತಡವರಿಸಿದರೆ ಆ ಪರದೆ ಆ ಕೊಠಡಿಗೆ ಸಾಲದು.

ಪ್ರೊಜೆಕ್ಟರಿನ ಬಲ ಚಿತ್ರದ ಗಾತ್ರ; ಅದರ ದೌರ್ಬಲ್ಯ ಬೆಳಕು ಮತ್ತು ದೂಳು. ಹೆಂಚಿನ ಮಾಡಿನ ನಡುವೆ ಗಾಜಿನ ಹೆಂಚು ಇಟ್ಟ ಕೊಠಡಿಗಳಲ್ಲಿ, ಬಾಗಿಲು ಕಿಟಕಿಗಳು ತೆರೆದಿರುವ ಬೇಸಿಗೆಯ ಹಗಲಿನಲ್ಲಿ ಚಿತ್ರ ಬಿಳಚಿಕೊಳ್ಳುತ್ತದೆ. ಕಿಟಕಿ ಮುಚ್ಚಿದರೆ ಸೆಕೆ, ಮಕ್ಕಳು ಪುಸ್ತಕದಲ್ಲಿ ಬರೆದುಕೊಳ್ಳಲಾರರು. ಕಬ್ಬು ಕಡಿಯುವ ಕಾಲದಲ್ಲಿ ಗದ್ದೆಯ ತರಗು ಸುಟ್ಟ ಕರಿಯೂ ಆಲೆಮನೆಯ ಹೊಗೆಯೂ ಕೊಠಡಿಯೊಳಗೆ ಬರುವ ಊರುಗಳಲ್ಲಿ ಪ್ರೊಜೆಕ್ಟರಿನ ಗಾಳಿ ಜಾಲರಿಯನ್ನು ತಿಂಗಳಿಗೊಮ್ಮೆಯಾದರೂ ತೆಗೆದು ಒರೆಸಬೇಕು. ಒರೆಸದಿದ್ದರೆ ಒಳಗೆ ಕಾವು ಏರಿ ಯಂತ್ರ ತಾನಾಗಿ ನಿಲ್ಲುತ್ತದೆ. ಹಳೆಯ ಬಗೆಯ ದೀಪದ ಪ್ರೊಜೆಕ್ಟರಿನ ದೀಪ ಕೆಲವು ಸಾವಿರ ಗಂಟೆಗಳಲ್ಲಿ ಮಂಕಾಗುತ್ತದೆ, ಹೊಸ ದೀಪದ ಬೆಲೆ ಶಾಲೆಯ ಅನುದಾನಕ್ಕೆ ಭಾರವಾಗುತ್ತದೆ. ಎಲ್‌ಇಡಿ ಅಥವಾ ಲೇಸರ್ ಬೆಳಕಿನವು ಹೆಚ್ಚು ಕಾಲ ಬಾಳುತ್ತವೆ. ಪ್ರೊಜೆಕ್ಟರನ್ನೇ ಆರಿಸುವುದಾದರೆ ಆ ಬಗೆಯದನ್ನೇ ಕೇಳಿ ಪಡೆಯಿರಿ.

ಟಿವಿ ಹಗಲಿನ ಬೆಳಕಿಗೆ ಅಂಜುವುದಿಲ್ಲ, ಸದ್ದನ್ನು ತಾನೇ ಹೊರಡಿಸುತ್ತದೆ, ದೂಳನ್ನು ತಕ್ಕಮಟ್ಟಿಗೆ ತಾಳುತ್ತದೆ. ಚಿಕ್ಕ ಟಿವಿ ಮಾತ್ರ ಕೊಳ್ಳುವ ಶಕ್ತಿಯಿದ್ದರೆ ಮಕ್ಕಳನ್ನು ಹತ್ತಿರ ಕರೆದು ಜಮಖಾನದ ಮೇಲೆ ಕೂರಿಸಿಕೊಳ್ಳುವ ಪದ್ಧತಿಯನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು. ಬೆರಳಿನಿಂದ ಮುಟ್ಟಿ ಬರೆಯುವ ಸ್ಮಾರ್ಟ್ ಬೋರ್ಡುಗಳ ಬೆಲೆ ಅದೇ ಅಳತೆಯ ಟಿವಿಗಿಂತ ಬಹಳ ಹೆಚ್ಚು. ಅದನ್ನು ಮುಟ್ಟುವವರು ಒಂದು ಹೊತ್ತಿಗೆ ಒಬ್ಬರೇ ಆದ್ದರಿಂದ ಆ ಹೆಚ್ಚುವರಿ ಹಣ ಮಗುವಿನ ನಿಮಿಷಗಳನ್ನು ಹೆಚ್ಚಿಸುವುದಿಲ್ಲ. ಟಿವಿ, ಲ್ಯಾಪ್‌ಟಾಪ್ ಮತ್ತು ತಂತಿಯಿಲ್ಲದ ಮೌಸ್ ಒಂದಿದ್ದರೆ ಮೌಸನ್ನು ಬೆಂಚಿನಿಂದ ಬೆಂಚಿಗೆ ದಾಟಿಸಿ ಮಕ್ಕಳಿಂದಲೇ ಮಾಡಿಸಬಹುದು. ಈ ಸಣ್ಣ ಉಪಾಯಕ್ಕೆ ನಾನು ದುಬಾರಿ ಬೋರ್ಡಿಗಿಂತ ಹೆಚ್ಚು ಬೆಲೆ ಕೊಡುತ್ತೇನೆ. ಯಾವ ಪರದೆಯೇ ಆಗಲಿ, ಕರಿಹಲಗೆಯ ಮೇಲೆ ಅದನ್ನು ಕೂರಿಸಬಾರದು. ಲೆಕ್ಕದ ಹೆಜ್ಜೆಗಳು ಹಲಗೆಯ ಮೇಲೆ ಉಳಿದಿರಬೇಕು, ಪಕ್ಕದಲ್ಲಿ ಪರದೆ ಬದಲಾಗುತ್ತಿರಬೇಕು.

ಏನನ್ನು ತೋರಿಸಬೇಕು ಎಂಬುದರಲ್ಲೂ ಆಯ್ಕೆಯಿದೆ, ಇಲ್ಲಿಯೇ ಬಹಳಷ್ಟು ಶಾಲೆಗಳು ಎಡವುತ್ತವೆ. ಪಾಠವನ್ನು ಯಾರೋ ಓದಿ ಹೇಳುವ ವಿಡಿಯೋವನ್ನು 40 ನಿಮಿಷ ಓಡಿಸುವುದು ಜ್ಞಾನಶಾಲಾ ಅಧ್ಯಯನ ಎಚ್ಚರಿಸಿದ ತಪ್ಪೇ ಆಗುತ್ತದೆ. ಕೊಠಡಿಯಲ್ಲಿ ಮಾಡಿ ತೋರಿಸಬಹುದಾದುದನ್ನು, ಉದಾಹರಣೆಗೆ ಲಿಟ್ಮಸ್ ಕಾಗದ ಬಣ್ಣ ಬದಲಿಸುವುದನ್ನು, ಪರದೆಯಲ್ಲಿ ತೋರಿಸಬೇಕಾಗಿಲ್ಲ. ಕಣ್ಣಿಗೆ ಕಾಣದ್ದು, ಕೈಯಿಂದ ಬಿಡಿಸಿ ಮುಗಿಯದ್ದು, ದೂರದಿಂದಲೇ ಅರ್ಥವಾಗುವಂಥದ್ದು ಪರದೆಗೆ ಯೋಗ್ಯ. ಆಸ್ಟ್ರಿಯಾದ ಮಾರ್ಕಸ್ ಹೊಹೆನ್‌ವಾರ್ಟರ್ 2001ರಲ್ಲಿ ಆರಂಭಿಸಿದ ಜಿಯೋಜೀಬ್ರಾ ಎಂಬ ಗಣಿತದ ತಂತ್ರಾಂಶದಲ್ಲಿ ವೃತ್ತದ ಮೇಲಿನ ಬಿಂದುವನ್ನು ಎಳೆದಾಡಿಸುತ್ತ, ಅರ್ಧವೃತ್ತದಲ್ಲಿನ ಕೋನ 90 ಡಿಗ್ರಿಯಲ್ಲೇ ನಿಲ್ಲುವುದನ್ನು ತೋರಿಸಿದಾಗ, ಹಲಗೆಯ ಮೇಲೆ ಮೂರು ಚಿತ್ರ ಬಿಡಿಸಿ ನಂಬಿಸುತ್ತಿದ್ದ ಪ್ರಮೇಯವನ್ನು ಮಕ್ಕಳು ತಾವೇ ಊಹಿಸಿ ಹೇಳತೊಡಗಿದರು. ಬಿಂದುವನ್ನು ಎಳೆಯುವ ಮುಂಚೆ "ಈಗ ಕೋನ ಹೆಚ್ಚುತ್ತದೋ ಕಡಿಮೆಯಾಗುತ್ತದೋ" ಎಂದು ಕೇಳಿ, ಪ್ರತಿಯೊಬ್ಬರಿಂದಲೂ ಪುಸ್ತಕದಲ್ಲಿ ಉತ್ತರ ಬರೆಸಿಕೊಂಡು, ಆಮೇಲೆ ಎಳೆಯಬೇಕು. ಆ ಕ್ರಮವಿಲ್ಲದಿದ್ದರೆ ಅದೂ ಒಂದು ಸಿನಿಮಾ ಆಗುತ್ತದೆ.

ನೊಬೆಲ್ ಪುರಸ್ಕೃತ ಭೌತವಿಜ್ಞಾನಿ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಫೆಟ್ ಯೋಜನೆಯ ಅನುಕರಣ ಪ್ರಯೋಗಗಳು ವಿದ್ಯುನ್ಮಂಡಲದ ಪಾಠಕ್ಕೆ ಬಹಳ ಒದಗುತ್ತವೆ; ಅವುಗಳಲ್ಲಿ ಕೆಲವು ಕನ್ನಡದಲ್ಲಿಯೂ ಇವೆ. ಸ್ಟೆಲೇರಿಯಂ ತಂತ್ರಾಂಶದಲ್ಲಿ ನಿಮ್ಮೂರನ್ನೇ ಸ್ಥಳವಾಗಿ ಕೊಟ್ಟರೆ ಅಂದಿನ ರಾತ್ರಿ ಊರ ಮೇಲೆ ಕಾಣುವ ಆಕಾಶವನ್ನು ಮಧ್ಯಾಹ್ನದ ತರಗತಿಯಲ್ಲಿ ನೋಡಬಹುದು. ಸಮಾಜವಿಜ್ಞಾನದವರಿಗೆ ಉಪಗ್ರಹ ಚಿತ್ರಕ್ಕಿಂತ ದೊಡ್ಡ ಸಾಮಗ್ರಿ ಬೇರೆ ಬೇಡ. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆಯನ್ನು, ಹುಳಿಕೆರೆಯ ಸುರಂಗದಲ್ಲಿ ಅದು ಮರೆಯಾಗಿ ಮತ್ತೆ ಹೊರಬರುವುದನ್ನು, ತಮ್ಮ ಊರಿನ ತೂಬಿನವರೆಗೂ ಮಕ್ಕಳು ಪರದೆಯ ಮೇಲೆ ಬೆರಳಿಟ್ಟು ಹುಡುಕಿದ ತರಗತಿಯೊಂದನ್ನು ನಾನು ಮರೆತಿಲ್ಲ. ನಾಲೆಯ ಒಂದು ಬದಿ ಹಸಿರಾಗಿಯೂ ಇನ್ನೊಂದು ಬದಿ ಕಂದಾಗಿಯೂ ಇರುವುದೇಕೆ ಎಂದು ಒಬ್ಬ ಹುಡುಗಿ ಕೇಳಿದಳು. ನೀರು ಇಳಿಜಾರಿಗೆ ಮಾತ್ರ ಹರಿಯುತ್ತದೆ ಎಂಬ ಉತ್ತರದಿಂದ ಎತ್ತರದ ರೇಖೆಗಳ ಪಾಠ ತಾನಾಗಿ ತೆರೆದುಕೊಂಡಿತು.

ಕಂಪ್ಯೂಟರ್ ಕೊಠಡಿಯ ಲೆಕ್ಕ

ಕಂಪ್ಯೂಟರ್ ಕೊಠಡಿ ಎಂದರೆ ದಾನಿಗಳಿಗೂ ಪೋಷಕರಿಗೂ ಇಷ್ಟ, ಫೋಟೋಕ್ಕೂ ಚೆಂದ. ಅದರ ನಿಮಿಷಗಳನ್ನು ಲೆಕ್ಕ ಹಾಕೋಣ. ಹತ್ತು ಯಂತ್ರ, 40 ಮಕ್ಕಳು, 40 ನಿಮಿಷದ ಒಂದು ಅವಧಿ. ಒಂದು ಯಂತ್ರಕ್ಕೆ ನಾಲ್ವರು, ಒಬ್ಬರ ಕೈಗೆ 10 ನಿಮಿಷ. ವಾರಕ್ಕೊಂದು ಅವಧಿಯಂತೆ ವರ್ಷದಲ್ಲಿ 30 ವಾರ ನಡೆದರೂ ಒಂದು ಮಗುವಿಗೆ ದಕ್ಕುವುದು ಇಡೀ ವರ್ಷಕ್ಕೆ 5 ಗಂಟೆ. ನಾಲ್ವರು ಕುಳಿತ ಕಡೆ ಮೌಸ್ ಯಾವಾಗಲೂ ಗಟ್ಟಿಗರ ಕೈಯಲ್ಲೇ ಇರುತ್ತದೆ, ಹಿಂದೆ ನಿಂತವರು ಬಹುಪಾಲು ಹೆಣ್ಣುಮಕ್ಕಳು ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಅದೇ ಹತ್ತು ಯಂತ್ರಗಳಿಗೆ 20 ಮಕ್ಕಳನ್ನು ಕರೆದೊಯ್ದು, ಉಳಿದ 20 ಮಂದಿಯನ್ನು ಇನ್ನೊಬ್ಬ ಶಿಕ್ಷಕರ ಬಳಿ ಬಿಟ್ಟರೆ ಒಂದು ಯಂತ್ರಕ್ಕೆ ಇಬ್ಬರಾಗುತ್ತಾರೆ. ವಡೋದರದಲ್ಲಿ ಫಲ ಕೊಟ್ಟದ್ದು ಈ ಇಬ್ಬರ ಜೋಡಿಯೇ. ಆದುದರಿಂದ ಕೊಠಡಿ ಕಟ್ಟಿಸುವ ಮುಂಚೆ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು, ಅರ್ಧ ತರಗತಿಯನ್ನು ನೋಡಿಕೊಳ್ಳಲು ಎರಡನೆಯ ಶಿಕ್ಷಕರು ಯಾವ ಅವಧಿಯಲ್ಲಿ ಬಿಡುವಾಗಿದ್ದಾರೆಂದು ಗುರುತಿಸಿ. ಅಂಥ ಅವಧಿ ವಾರದಲ್ಲಿ ಒಂದೂ ಸಿಗದ ಶಾಲೆ ಈ ಆಯ್ಕೆಯನ್ನು ಸದ್ಯಕ್ಕೆ ಬಿಡುವುದು ಲೇಸು.

ಪರದೆಯಿಂದ ಆಗದ, ಕಂಪ್ಯೂಟರ್ ಕೊಠಡಿಯಿಂದ ಮಾತ್ರ ಆಗುವ ಕೆಲಸಗಳೂ ಇವೆ. ಬರೆಯುವುದು, ತಿದ್ದುವುದು, ಪಟ್ಟಿ ಮಾಡುವುದು, ಮಕ್ಕಳ ಪ್ರೋಗ್ರಾಮಿಂಗ್ ತಂತ್ರಾಂಶವಾದ ಸ್ಕ್ರ್ಯಾಚ್‌ನಲ್ಲಿ ಆಟವೊಂದನ್ನು ತಾನೇ ಕಟ್ಟುವುದು ಮಗುವಿನ ಕೈಯಿಂದಲೇ ಆಗಬೇಕು. ಕನ್ನಡ ಬೆರಳಚ್ಚನ್ನು ಇಲ್ಲಿ ಕಲಿಸಲೇಬೇಕು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ನುಡಿ ತಂತ್ರಾಂಶದ ಮೂಲಕ ನಾಡಿಗೆಲ್ಲ ಪರಿಚಯವಾದದ್ದು, ಇಂಗ್ಲಿಷ್ ಕೀಲಿಮಣೆಯ ಧ್ವನಿಗೆ ಹತ್ತಿರವಿರುವುದರಿಂದ ಮಕ್ಕಳಿಗೆ ಬೇಗ ಹತ್ತುತ್ತದೆ. ಆದರೆ ಕಲಿಸುವಾಗ ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿಯೇ ಕಲಿಸಿ. ಹಳೆಯ ಅಕ್ಷರ ಸಂಕೇತದಲ್ಲಿ ಬೆರಳಚ್ಚು ಮಾಡಿದ ಕನ್ನಡವು ಬೇರೆ ಯಂತ್ರದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ತೆರೆದುಕೊಳ್ಳುವುದನ್ನು ಪ್ರಶ್ನೆಪತ್ರಿಕೆ ತಯಾರಿಸುವ ಶಿಕ್ಷಕರೆಲ್ಲ ಅನುಭವಿಸಿದ್ದಾರೆ.

ಹೊಸ ಯಂತ್ರವೋ ಹಳೆಯದೋ ಎಂಬ ಆಯ್ಕೆಯಲ್ಲಿ ಕಂಪನಿಗಳು ಬಳಸಿ ಬಿಟ್ಟ ಕಂಪ್ಯೂಟರುಗಳನ್ನು ತಿರಸ್ಕರಿಸಬೇಡಿ. ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ವೇಗದ ಎಸ್‌ಎಸ್‌ಡಿ ಹಾಕಿಸಿ, ಮೆಮೊರಿಯನ್ನು 8 ಜಿಬಿಗೆ ಏರಿಸಿದರೆ ಅವು ಶಾಲೆಯ ಕೆಲಸಕ್ಕೆ ಇನ್ನೂ ಹಲವು ವರ್ಷ ಸಾಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅನೇಕ ಹಳೆಯ ಯಂತ್ರಗಳು ವಿಂಡೋಸ್ 11ಕ್ಕೆ ಒಗ್ಗುವುದಿಲ್ಲ. ಅಂಥವಕ್ಕೆ ವಿಂಡೋಸ್ ಬದಲು ಉಬುಂಟು ಅಥವಾ ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆ ಹಾಕಿಸುವುದು ಸರಿಯಾದ ದಾರಿ. ಪರವಾನಗಿಯ ಖರ್ಚಿಲ್ಲ, ವೈರಸ್ಸಿನ ಕಾಟ ಕಡಿಮೆ, ಜಿಯೋಜೀಬ್ರಾ, ಲಿಬ್ರೆ ಆಫೀಸ್, ಟಕ್ಸ್ ಪೇಂಟ್ ಎಲ್ಲವೂ ಅದರಲ್ಲಿ ಓಡುತ್ತವೆ. ನೆರೆಯ ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಆರಂಭಿಸಿ, ಮುಕ್ತ ತಂತ್ರಾಂಶಕ್ಕೆ ಹೊರಳಿ, ಹೊರಗಿನ ಗುತ್ತಿಗೆ ಬೋಧಕರ ಬದಲು ತನ್ನ ಶಿಕ್ಷಕರನ್ನೇ ತಯಾರು ಮಾಡಿತು. 2018ರಲ್ಲಿ 45,000 ತರಗತಿ ಕೊಠಡಿಗಳಿಗೆ ಲ್ಯಾಪ್‌ಟಾಪ್ ಮತ್ತು ಪ್ರೊಜೆಕ್ಟರ್ ಒದಗಿಸಲು ಕೈಹಾಕಿದಾಗ ಅವನ್ನು ಬಳಸಬಲ್ಲ ಕೈಗಳು ಅಲ್ಲಿ ಮೊದಲೇ ಇದ್ದವು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಇದು ತಿರುಗುಮುರುಗಾಗಿತ್ತು. ಗುತ್ತಿಗೆಯ ಬೋಧಕರು ಅವಧಿ ಮುಗಿಸಿ ಹೋದ ದಿನ ಕೊಠಡಿಗೆ ಬಿದ್ದ ಬೀಗ ಮೂರು ವರ್ಷ ತೆರೆಯಲಿಲ್ಲ. ತೆರೆದಾಗ ಯುಪಿಎಸ್ ಬ್ಯಾಟರಿಗಳು ಉಬ್ಬಿದ್ದವು, ತಂತಿಗಳನ್ನು ಇಲಿ ಕಡಿದಿತ್ತು. ಆ ಮೂರು ವರ್ಷಗಳಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಹೋದ ಮಕ್ಕಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ವಿದ್ಯುತ್ತು

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದ ನಾಡು ನಮ್ಮದು. ಆದರೂ ಹಳ್ಳಿಯ ಶಾಲೆಯಲ್ಲಿ ಹಗಲು ಹೊತ್ತು ಕರೆಂಟು ಹೋಗಿ ಬರುವುದು ಇನ್ನೂ ತಪ್ಪಿಲ್ಲ, ಹೀಗಾಗಿ ಆಯ್ಕೆಯ ಅರ್ಧ ಭಾಗ ಇಲ್ಲಿಯೇ ತೀರ್ಮಾನವಾಗುತ್ತದೆ. ಮನೆಗಳಲ್ಲಿ ಬಳಸುವ 12 ವೋಲ್ಟ್, 150 ಆಂಪಿಯರ್-ಗಂಟೆಯ ಒಂದು ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಗಂಟೆ ಇರುತ್ತದೆ. ಪೂರ್ತಿ ಬರಿದು ಮಾಡಬಾರದು, ಪರಿವರ್ತನೆಯಲ್ಲೂ ಸೋರಿಕೆಯಿದೆ, ಆದ್ದರಿಂದ ಕೈಗೆ ಸಿಗುವುದು ಸುಮಾರು 1,000 ಎಂದಿಟ್ಟುಕೊಳ್ಳಿ. ದೊಡ್ಡ ಟಿವಿ ಮತ್ತು ಲ್ಯಾಪ್‌ಟಾಪ್ ಸೇರಿ 200ರಿಂದ 250 ವ್ಯಾಟ್ ಎಳೆದರೆ ಅದು ನಾಲ್ಕೈದು ಗಂಟೆ, ಅಂದರೆ ಆರು ಅವಧಿಗಳಿಗೆ ಸಾಕು. ಪ್ರೊಜೆಕ್ಟರಾದರೆ ಮೂರು ಗಂಟೆ. ಹತ್ತು ಮಾಮೂಲಿ ಡೆಸ್ಕ್‌ಟಾಪ್‌ಗಳು ತಲಾ 100 ವ್ಯಾಟ್ ಎಳೆಯುವುದಾದರೆ ಒಂದೇ ಬ್ಯಾಟರಿಯ ಇನ್ವರ್ಟರ್ ಆ ಹೊರೆಯನ್ನು ಹೊರುವುದೇ ಇಲ್ಲ. ಲ್ಯಾಪ್‌ಟಾಪ್ ಚಾರ್ಜರಿನಂಥ ಅಡಾಪ್ಟರಿನಲ್ಲಿ ನಡೆಯುವ ಪುಟ್ಟ ಕಂಪ್ಯೂಟರುಗಳನ್ನು ಎಲ್‌ಇಡಿ ಪರದೆಯೊಡನೆ ಕೊಂಡರೆ ಹತ್ತೂ ಸೇರಿ 350 ವ್ಯಾಟ್ ಆಸುಪಾಸಿನಲ್ಲಿ ಮುಗಿಯಬಹುದು. ಇವೇ ಕಂಪ್ಯೂಟರ್ ಕೊಠಡಿಗೆ ಯೋಗ್ಯ.

ದರಪಟ್ಟಿಯಲ್ಲಿ ಯಾರೂ ಬರೆಯದ ಒಂದು ಬಾಬ್ತು ಅರ್ಥಿಂಗ್. ಯಂತ್ರದ ಹೊದಿಕೆ ಮುಟ್ಟಿದಾಗ ಜುಮ್ಮೆನ್ನುವ ಕೊಠಡಿಗೆ ಮಕ್ಕಳನ್ನು ಕಳುಹಿಸಬಾರದು. ಹೊಸದಾಗಿ ಅರ್ಥಿಂಗ್ ಗುಂಡಿ ತೆಗೆಸಿ, ವೈರಿಂಗ್ ಪರೀಕ್ಷೆ ಮಾಡಿಸಿದ ಮೇಲೆಯೇ ಯಂತ್ರಗಳನ್ನು ಇಳಿಸಿಕೊಳ್ಳಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯ ಹೊತ್ತಿಗೆ ಶಾಲೆಗೆ ರಜೆಯಿರುತ್ತದೆ. ರಜೆಗೆ ಮುನ್ನ ಎಲ್ಲ ಪ್ಲಗ್ಗುಗಳನ್ನೂ ನೆಟ್ ತಂತಿಯನ್ನೂ ಕಿತ್ತಿಡುವುದು ಒಬ್ಬರ ಹೆಸರಿನಲ್ಲಿ ಬರೆದ ಕೆಲಸವಾಗಿರಬೇಕು.

ಟ್ಯಾಬ್ಲೆಟ್ ಮತ್ತು ಮೊಬೈಲ್

ಟ್ಯಾಬ್ಲೆಟ್‌ನಲ್ಲಿ ಎರಡು ಗುಣಗಳಿವೆ. ಅದರ ಬ್ಯಾಟರಿ ಶಾಲೆಯ ಒಂದು ದಿನವನ್ನು ದಾಟಿಸುತ್ತದೆ. ಪ್ರತಿ ಮಗು ತನ್ನ ಮಟ್ಟದಿಂದ ಅಭ್ಯಾಸ ಮಾಡಬಹುದು. 8ನೇ ತರಗತಿಗೆ ಬಂದರೂ ಭಾಗಾಕಾರ ಬಾರದ ಮಕ್ಕಳು ನಮ್ಮ ಪ್ರತಿ ಶಾಲೆಯಲ್ಲೂ ಇದ್ದಾರೆ, ಅವರಿಗೆ ತರಗತಿಯ ಎದುರು ನಾಚಿಕೆಪಡದೆ ಹಿಂದಿನ ಪಾಠದಿಂದ ತೊಡಗಲು ಇದು ಒಳ್ಳೆಯ ದಾರಿ. ದೆಹಲಿಯ ಅಧ್ಯಯನದ ಸಾರವೂ ಅದೇ. ಹೀಗಿದ್ದೂ ನಾನು ಇದನ್ನು ಕೊನೆಗಿಡಲು ಕಾರಣ, ಆ ಫಲ ಬಂದದ್ದು ಮಗುವಿನ ಮಟ್ಟಕ್ಕೆ ಹೊಂದಿಕೊಳ್ಳುವ ತಂತ್ರಾಂಶದಿಂದ ಮತ್ತು ಪಕ್ಕದಲ್ಲಿದ್ದ ಬೋಧಕರಿಂದ. ತಂತ್ರಾಂಶ ಕನ್ನಡದಲ್ಲಿದೆಯೇ, ನಮ್ಮ ಪಠ್ಯಕ್ರಮಕ್ಕೆ ಹೊಂದುತ್ತದೆಯೇ, ಮೂರನೆಯ ವರ್ಷ ಅದಕ್ಕೆ ಶುಲ್ಕ ಕೇಳುತ್ತಾರೆಯೇ ಎಂಬುದನ್ನು ಬರಹದಲ್ಲಿ ಪಡೆಯದೆ ಬರಿಯ ಟ್ಯಾಬ್ಲೆಟ್ ಕೊಂಡರೆ ಅದು ವಿಡಿಯೋ ನೋಡುವ ಹಲಗೆಯಾಗುತ್ತದೆ. ದಿನವೂ ಇಪ್ಪತ್ತನ್ನು ಚಾರ್ಜಿಗೆ ಹಾಕಿ, ಎಣಿಸಿ, ಬೀರುವಿನಲ್ಲಿಡುವ ಕೆಲಸ ಯಾರದು ಎಂಬುದೂ ಸಣ್ಣ ಪ್ರಶ್ನೆಯಲ್ಲ. ಉದ್ದನೆಯ ಉತ್ತರ ಬರೆಯಲಂತೂ ಅದು ಬಾರದು.

ಮನೆಯ ಮೊಬೈಲನ್ನು ಶಾಲೆಯ ಸಾಧನವೆಂದು ಲೆಕ್ಕಕ್ಕೆ ಹಿಡಿಯಬಾರದು. 2020ರಲ್ಲಿ ಶಾಲೆ ಮುಚ್ಚಿದಾಗ ವಿದ್ಯಾಗಮ ಎಂಬ ಸರ್ಕಾರಿ ಕಾರ್ಯಕ್ರಮದ ಅಡಿಯಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ, ಜಗುಲಿ, ದೇವಸ್ಥಾನದ ಅಂಗಳಗಳಿಗೆ ಹೋಗಬೇಕಾದದ್ದು ಫೋನು ಎಲ್ಲರ ಮನೆಯಲ್ಲಿ ಇರಲಿಲ್ಲವೆಂಬ ಕಾರಣಕ್ಕೆ. ಇದ್ದ ಮನೆಯಲ್ಲೂ ಅದು ಅಪ್ಪನ ಜೊತೆ ಹೊಲಕ್ಕೋ ಕೂಲಿಗೋ ಹೋಗಿರುತ್ತಿತ್ತು. ಪಠ್ಯಪುಸ್ತಕದಲ್ಲಿ ಮುದ್ರಿಸಿರುವ ಕ್ಯೂಆರ್ ಸಂಕೇತಗಳ ಮೂಲಕ ತೆರೆಯುವ, ಸರ್ಕಾರದ ಕಲಿಕಾ ತಾಣವಾದ ದೀಕ್ಷಾದ ಸಾಮಗ್ರಿಯನ್ನು ಶಿಕ್ಷಕರೇ ಮೊದಲು ಇಳಿಸಿಕೊಂಡು ತರಗತಿಯಲ್ಲಿ ತೋರಿಸುವುದು ಹೆಚ್ಚು ನ್ಯಾಯವಾದದ್ದು.

ಅಂತರ್ಜಾಲದ ವಿಷಯದಲ್ಲಿ ನನ್ನ ಸಲಹೆ ಚಿಕ್ಕದು: ನೆಟ್ ಇಲ್ಲದೆಯೂ ನಡೆಯುವ ಸಾಮಗ್ರಿಯನ್ನೇ ಆರಿಸಿ. ಫೆಟ್ ಪ್ರಯೋಗಗಳನ್ನು ಒಂದೊಂದಾಗಿ ಇಳಿಸಿಟ್ಟುಕೊಳ್ಳಬಹುದು, ನೆಟ್ ಇಲ್ಲದೆ ತಾಣಗಳನ್ನು ಓದಿಸುವ ಕಿವಿಕ್ಸ್ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನೇ ಪೆನ್ ಡ್ರೈವಿನಲ್ಲಿ ಇಡಬಹುದು, ಕೊಲಿಬ್ರಿ ಎಂಬ ಉಚಿತ ತಂತ್ರಾಂಶ ಹಾಕಿದ ಒಂದು ಯಂತ್ರದಿಂದ ಇಡೀ ಕೊಠಡಿಗೆ ಪಾಠಗಳನ್ನು ಹಂಚಬಹುದು. ನಮ್ಮ ರಾಜ್ಯದ ಶಿಕ್ಷಕರೇ ಸೇರಿ ಬೆಳೆಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಪಾಠವಾರು ಚಟುವಟಿಕೆಗಳು ಕನ್ನಡದಲ್ಲಿವೆ. ಹೊರಗಿನ ದುಬಾರಿ ಪೆಟ್ಟಿಗೆಗೆ ಹಣ ಕೊಡುವ ಮೊದಲು ಅದನ್ನು ನೋಡಿ.

ಕಿರಿಯ ತರಗತಿಗಳಿಗೆ ಇದರಲ್ಲಿ ಬಹುಪಾಲು ಬೇಡವೇ ಬೇಡ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ, ಆಡುತ್ತ ಕಲಿಯುವ ನಲಿ-ಕಲಿ ಪದ್ಧತಿಯು ಕಾರ್ಡು, ಕಲ್ಲು, ಬೀಜ, ಹಾಡುಗಳ ಮೂಲಕ ಮಕ್ಕಳ ಕೈಗೆ ಕೊಡುವ ಕೆಲಸವನ್ನು ಯಾವ ಪರದೆಯೂ ಕೊಡಲಾರದು. ಇಬ್ಬರು ಶಿಕ್ಷಕರು, 25 ಮಕ್ಕಳಿರುವ ಕಿರಿಯ ಪ್ರಾಥಮಿಕ ಶಾಲೆಗೆ ಒಂದು ಲ್ಯಾಪ್‌ಟಾಪ್ ಮತ್ತು ಒಳ್ಳೆಯ ಸ್ಪೀಕರ್ ಸಾಕು. ಹೆಚ್ಚಿಗೆ ಕೊಡುತ್ತೇವೆಂದು ದಾನಿಗಳು ಒತ್ತಾಯಿಸಿದರೆ ಕಥೆಯ ಪುಸ್ತಕಗಳನ್ನು ಕೇಳಿ ಪಡೆಯಿರಿ.

ಕೊಳ್ಳುವ ಮುನ್ನ

ದಾನಿಗಳು 2 ಲಕ್ಷ ರೂಪಾಯಿ ಎಂದರೆ ಅಷ್ಟಕ್ಕೂ ಯಂತ್ರ ಬರೆದುಕೊಡಬೇಡಿ. ಕಾಲು ಭಾಗವನ್ನಾದರೂ ವೈರಿಂಗ್, ಬ್ಯಾಟರಿ ಮತ್ತು ಮುಂದಿನ ಎರಡು ವರ್ಷಗಳ ರಿಪೇರಿಗೆಂದು ಎತ್ತಿಡಲು ಅವರನ್ನು ಒಪ್ಪಿಸಿ. ರಿಪೇರಿಗೆ ಶಾಲೆಗೇ ಬರುವ ಕರಾರು ಬರಹದಲ್ಲಿರಲಿ. ಮೈಸೂರಿನ ಸೇವಾ ಕೇಂದ್ರಕ್ಕೆ 75 ಇಂಚಿನ ಟಿವಿಯನ್ನು ಬಸ್ಸಿನಲ್ಲಿ ಹೊತ್ತೊಯ್ಯಲಾಗುವುದಿಲ್ಲ.

ಸಾಧನ ಕೆಡುವುದಕ್ಕಿಂತ ಹೆಚ್ಚಾಗಿ ಅದನ್ನು ನಿಲ್ಲಿಸುವುದು ವರ್ಗಾವಣೆ. ಕಂಪ್ಯೂಟರ್ ಬಲ್ಲ ಒಬ್ಬರೇ ಶಿಕ್ಷಕರು ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಬೇರೆ ತಾಲ್ಲೂಕಿಗೆ ಹೋದರೆ ಪಾಸ್‌ವರ್ಡ್ ಕೂಡ ಅವರ ಜೊತೆ ಹೋಗುತ್ತದೆ. ಪಾಸ್‌ವರ್ಡುಗಳು, ಬಿಲ್ಲು, ವಾರಂಟಿ ಪತ್ರ, ಯಾವ ತಂತ್ರಾಂಶ ಎಲ್ಲಿದೆ ಎಂಬ ವಿವರ ದಾಸ್ತಾನು ಪುಸ್ತಕದ ಜೊತೆ ಮುಖ್ಯ ಶಿಕ್ಷಕರ ಬೀರುವಿನಲ್ಲಿರಬೇಕು. ಕನಿಷ್ಠ ಇಬ್ಬರು ಶಿಕ್ಷಕರು, ಅವರಲ್ಲಿ ಒಬ್ಬರು ಭಾಷಾ ಶಿಕ್ಷಕರು, ಎಲ್ಲವನ್ನೂ ನಡೆಸಲು ಕಲಿತಿರಬೇಕು. 9ನೇ ತರಗತಿಯ ನಾಲ್ವರು ಮಕ್ಕಳಿಗೆ ತಂತಿ ಜೋಡಿಸುವುದನ್ನೂ ಪರದೆ ಒರೆಸುವುದನ್ನೂ ಹೇಳಿಕೊಟ್ಟರೆ ಅವಧಿಯ ಮೊದಲ ಹತ್ತು ನಿಮಿಷ ಉಳಿಯುತ್ತದೆ.

ತೀರ್ಮಾನಕ್ಕೆ ಬರುವ ಮುಂಚೆ ಪಕ್ಕದ ಶಾಲೆಯಿಂದಲೋ ಡಯಟ್‌ನಿಂದಲೋ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಪ್ರೊಜೆಕ್ಟರ್ ಒಂದನ್ನು ಕೇಳಿ ತಂದು ಒಂದು ವಾರ ಇಟ್ಟುಕೊಂಡು ನೋಡಿ. ಯಾವ ಶಿಕ್ಷಕರು, ಯಾವ ಪಾಠಕ್ಕೆ, ಎಷ್ಟು ನಿಮಿಷ ಬಳಸಿದರು, ಕರೆಂಟು ಎಷ್ಟು ಬಾರಿ ಹೋಯಿತು, ಕೊನೆಯ ಬೆಂಚಿನ ಮಗು ಏನು ಓದಿತು ಎಂಬುದನ್ನು ಪಾಠ ಯೋಜನೆಯ ಪುಸ್ತಕದ ಅಂಚಿನಲ್ಲಿ ಆಯಾ ದಿನವೇ ಬರೆದಿಡಿ. ದಾನಿಗಳು ಬರುವ ಸಭೆಗೆ ಅಂಗಡಿಯ ದರಪಟ್ಟಿಯ ಜೊತೆಗೆ ಆ ಪುಟಗಳನ್ನೂ ತೆಗೆದುಕೊಂಡು ಹೋಗಿ.